ಪದಚರ್ಚೆ: ಹೆದ್ದಾರಿಯ ಸಂಖ್ಯೆ ಅಂಕಿತನಾಮವೋ, ಅನ್ವರ್ಥನಾಮವೋ? ‘ಹಳೆ 17’, ‘ಈಗಿನ 66’ ಮತ್ತು ‘ಎಕ್ಸಿಟ್ ನಂಬರ್’ ಕುರಿತು

ಬಳಗದ ಎಲ್ಲರಿಗೂ ಉಡುಪಿಯಿಂದ ನಮಸ್ಕಾರಗಳು.

ಒಂದು ಬರಹವನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಎರಡು ವಾರಗಳಿಂದ ಸಿಕ್ಕಿಕೊಂಡಿದ್ದೇನೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ರಸ್ತೆ ಇಂಜಿನಿಯರ್ ಆಗಿರುವ ನನ್ನ ಸೋದರಳಿಯನು ಅಲ್ಲಿನ ಹೆದ್ದಾರಿಗಳ ಸಂಖ್ಯೆಗಳೂ ಆ ಹೆದ್ದಾರಿಗಳಿಂದ ಹೊರಬೀಳುವ ದಾರಿಗಳಿಗೆ ಕೊಟ್ಟ ಸಂಖ್ಯೆಗಳೂ ಕಾಲಕಾಲಕ್ಕೆ ಹೇಗೆ ಬದಲಾದವು ಎಂಬುದನ್ನು ಇಲ್ಲಿನ ಒಂದು ಸ್ಮರಣ ಸಂಚಿಕೆಗಾಗಿ ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದ್ದಾನೆ. ವಿಷಯ ಕಷ್ಟದ್ದಲ್ಲ, ಆದರೆ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ‘ಸಂಖ್ಯೆ’ ಎಂಬ ಒಂದೇ ಪದವನ್ನು ನಾನು ನಾಲ್ಕು ಬೇರೆ ಬೇರೆ ಅರ್ಥಗಳಲ್ಲಿ ಬಳಸಿದ್ದೇನೆಂದು ತಿಳಿದು ಕೈ ನಿಂತಿತು. ನನ್ನ ಗೊಂದಲ ಏನೆಂಬುದನ್ನು ನಮ್ಮ ಊರಿನ ಮಾರ್ಗದಿಂದಲೇ ಆರಂಭಿಸಿ ಹೇಳಿದರೆ ಸುಲಭವಾದೀತು.

‘ಮಾರ್ಗ’ ಎಂದೆನಲ್ಲ, ಮೊದಲ ತೊಡಕು ಅಲ್ಲೇ ಇದೆ. ಘಟ್ಟದ ಮೇಲಿನವರಿಗೆ ‘ಮಾರ್ಗ’ವೆಂದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಬಗೆ, ‘ಹಾಸನ ಮಾರ್ಗವಾಗಿ ಬೆಂಗಳೂರಿಗೆ’ ಎಂದು ಬಸ್ಸಿನ ಬೋರ್ಡಿನಲ್ಲಿ ಬರೆಯುತ್ತಾರಲ್ಲ, ಆ ಅರ್ಥ. ನಮ್ಮ ಕರಾವಳಿಯಲ್ಲಿ ಮಾರ್ಗವೆಂದರೆ ಕಾಲಿಗೆ ಸಿಗುವ, ಡಾಮರು ಹಾಕಿಸಿಕೊಳ್ಳುವ, ಮಳೆಗಾಲದಲ್ಲಿ ಹೊಂಡ ಬೀಳುವ ರಸ್ತೆಯೇ. ಹೀಗಾಗಿ ನಿಘಂಟು ನೋಡಿ ‘ಮಾರ್ಗ ಸಂಖ್ಯೆ’ ಎಂದು ನಾನು ಬರೆದರೆ ತುಮಕೂರಿನ ಓದುಗರು ಬಸ್ಸಿನ ರೂಟ್ ನಂಬರು ಎಂದುಕೊಂಡಾರು, ಕಾಪುವಿನ ಓದುಗರು ಮಣ್ಣಿನ ಮೇಲಿರುವ ರಸ್ತೆಗೆ ಕೊಟ್ಟ ನಂಬರು ಎಂದುಕೊಂಡಾರು. ಮಂಗಳೂರಿನಲ್ಲಂತೂ ಸಿಟಿ ಬಸ್ಸುಗಳನ್ನು ನಂಬರಿನಿಂದಲೇ ಕರೆಯುವ ರೂಢಿ ಇರುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ. ‘ಹೆದ್ದಾರಿ’ ಎಂಬ ಪದದ ಬಗ್ಗೆ ನನಗೆ ದೂರಿಲ್ಲ. ಹೆಬ್ಬಾಗಿಲು, ಹೆಮ್ಮರ, ಹೆಬ್ಬಾವುಗಳ ಸಾಲಿನಲ್ಲಿ ಸಲೀಸಾಗಿ ಕುಳಿತ ಒಳ್ಳೆಯ ಪದ ಅದು. ಆದರೆ ಪತ್ರಿಕೆಯಿಂದ ಹೊರಗೆ ಅದನ್ನು ನಾನು ಕೇಳಿದ್ದು ಕಡಿಮೆ; ಬಾಯಲ್ಲಿ ಇರುವುದು ‘ಹೈವೇ’ ಮತ್ತು ‘ಎನ್ನೆಚ್’.

ಕಟಪಾಡಿಯಲ್ಲಿ ನಮ್ಮ ಹಿರಿಯರ ಜಾಗವೊಂದಿದೆ. ಅದರ ಮೂರು ತಲೆಮಾರಿನ ದಸ್ತಾವೇಜುಗಳು ನನ್ನ ಬಳಿ ಇವೆ. ಮೊದಲನೆಯದರ ಚೆಕ್ಕುಬಂದಿಯಲ್ಲಿ ‘ಪಶ್ಚಿಮಕ್ಕೆ ಸರಕಾರಿ ಮಾರ್ಗ’ ಎಂದಿದೆ. ತಂದೆಯವರ ಕಾಲದ ಪತ್ರದಲ್ಲಿ ‘ಪಶ್ಚಿಮಕ್ಕೆ ರಾ.ಹೆ. 17’. ನನ್ನ ಹೆಸರಿಗೆ ಆದ ಪತ್ರದಲ್ಲಿ ‘ಪಶ್ಚಿಮಕ್ಕೆ ರಾ.ಹೆ. 66’. ಜಾಗ ಒಂದಿಂಚೂ ಸರಿದಿಲ್ಲ, ಮಾರ್ಗವೂ ಅಲ್ಲೇ ಇದೆ, ಅಗಲವಾಗಿದೆ ಅಷ್ಟೆ. ಆದರೂ ಸಾಲದ ಅರ್ಜಿಯೊಂದಿಗೆ ಈ ಮೂರನ್ನೂ ಒಂದು ಕಚೇರಿಯಲ್ಲಿ ಮುಂದಿಟ್ಟಾಗ ಅಲ್ಲಿನ ಗುಮಾಸ್ತರು, “ಈ ಎರಡು ಹೆದ್ದಾರಿಗಳ ನಡುವೆ ನಿಮ್ಮ ಜಾಗ ಎಲ್ಲಿ ಬರುತ್ತದೆ ಮಾರಾಯ್ರೆ?” ಎಂದು ತುಂಬ ಸಹಜವಾಗಿ ಕೇಳಿದರು. ಅವರ ತಪ್ಪಲ್ಲ. ಬೇರೆ ಬೇರೆ ಸಂಖ್ಯೆಗಳನ್ನು ಕಂಡಾಗ ಬೇರೆ ಬೇರೆ ವಸ್ತುಗಳನ್ನು ಊಹಿಸುವುದು ಭಾಷೆ ಬಲ್ಲ ಯಾರೇ ಆದರೂ ಮಾಡುವ ಕೆಲಸ.

ಈ ಬದಲಾವಣೆಯ ಹಿನ್ನೆಲೆ ಹಲವರಿಗೆ ತಿಳಿದದ್ದೇ. ದೇಶದ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಡುವ ಅಧಿಸೂಚನೆ ಹೊರಬಂದದ್ದು 2010ರಲ್ಲಿ. ಅದಕ್ಕೆ ಮೊದಲು ಮಂಗಳೂರನ್ನು ಮುಟ್ಟುತ್ತಿದ್ದ ಸಂಖ್ಯೆಗಳು ನಾಲ್ಕು: ಪನ್ವೇಲಿನಿಂದ ಕರಾವಳಿಗುಂಟ ಇಳಿದು ಕೊಚ್ಚಿಯ ಇಡಪಳ್ಳಿಯವರೆಗೆ ಹೋಗುತ್ತಿದ್ದ 17, ಶಿರಾಡಿ ಘಾಟಿಯ ಮೂಲಕ ಬೆಂಗಳೂರಿಗೆ ಹೋಗುವ 48, ಸೊಲ್ಲಾಪುರದಿಂದ ಚಿತ್ರದುರ್ಗ, ಶಿವಮೊಗ್ಗಗಳನ್ನು ಹಾದು ಕಾರ್ಕಳ, ಮೂಡುಬಿದಿರೆಗಳ ದಾರಿಯಲ್ಲಿ ಬರುತ್ತಿದ್ದ 13, ಚಾರ್ಮಾಡಿ ಹತ್ತಿ ತಮಿಳುನಾಡಿನ ವಿಲ್ಲುಪುರದವರೆಗೆ ಹೋಗುತ್ತಿದ್ದ 234. ಈ ನಾಲ್ಕು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಎಷ್ಟು ಹೊತ್ತು ನೋಡಿದರೂ ಯಾವುದು ಯಾವ ದಿಕ್ಕಿಗೆ ಹೋಗುತ್ತದೆ, ಯಾವುದು ಯಾವುದರ ಕವಲು ಎಂಬುದೇನೂ ತಿಳಿಯುತ್ತಿರಲಿಲ್ಲ. ಹೊಸ ಪದ್ಧತಿಯಲ್ಲಿ ಹಾಗಲ್ಲ. ಉತ್ತರ–ದಕ್ಷಿಣವಾಗಿ ಸಾಗುವ ಮುಖ್ಯ ಹೆದ್ದಾರಿಗಳಿಗೆ ಸಮಸಂಖ್ಯೆ. ಅದು ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಏರುತ್ತದೆ. ಪೂರ್ವ–ಪಶ್ಚಿಮವಾಗಿ ಸಾಗುವುವಕ್ಕೆ ಬೆಸಸಂಖ್ಯೆ. ಅದು ಉತ್ತರದಿಂದ ದಕ್ಷಿಣಕ್ಕೆ ಬಂದಂತೆ ಏರುತ್ತದೆ. ಆದ್ದರಿಂದ ಪಡುಗಡಲಿನ ಬದಿಯ ನಮ್ಮ ಉದ್ದನೆಯ ಮಾರ್ಗಕ್ಕೆ 66 ಬಂತು. ಈಗ ಅದು ಕನ್ಯಾಕುಮಾರಿಯವರೆಗೂ ಒಂದೇ ಸಂಖ್ಯೆ. ಹೊನ್ನಾವರದಿಂದ ಗೇರುಸೊಪ್ಪೆಯ ಘಾಟಿ ಹತ್ತಿ ಶಿವಮೊಗ್ಗದ ಕಡೆಗೆ ಹೋಗುವುದಕ್ಕೆ 69, ಅದರಿಂದ ದಕ್ಷಿಣಕ್ಕಿರುವ ಚಾರ್ಮಾಡಿಯದಕ್ಕೆ 73, ಇನ್ನೂ ದಕ್ಷಿಣದ ಶಿರಾಡಿಯದಕ್ಕೆ 75. ಘಾಟಿಗಳನ್ನು ಬಡಗಿನಿಂದ ತೆಂಕಿಗೆ ಎಣಿಸಿಕೊಂಡು ಹೋದರೆ ಸಂಖ್ಯೆಗಳೂ ಅದೇ ಕ್ರಮದಲ್ಲಿ ಏರುತ್ತವೆ.

ಮೂರಂಕಿಯ ಸಂಖ್ಯೆಗಳು ಇನ್ನಷ್ಟು ಮಾತಾಡುತ್ತವೆ. ಮೂಡುಬಿದಿರೆ, ಕಾರ್ಕಳ, ಶೃಂಗೇರಿ, ಕೊಪ್ಪ, ತೀರ್ಥಹಳ್ಳಿಗಳನ್ನು ಹಾದು ಶಿವಮೊಗ್ಗದಲ್ಲಿ 69ನ್ನು ಸೇರುವ ಮಾರ್ಗಕ್ಕೆ 169 ಎಂದು ಹೆಸರು. ಕೊನೆಯ ಎರಡು ಅಂಕಿಗಳು ತಾಯಿ ಹೆದ್ದಾರಿಯನ್ನೂ ಮೊದಲ ಅಂಕಿ ಕವಲಿನ ಸರದಿಯನ್ನೂ ಹೇಳುತ್ತವೆ. ತೀರ್ಥಹಳ್ಳಿಯಲ್ಲಿ ಅದರಿಂದ ಕವಲೊಡೆದು ಆಗುಂಬೆ ಇಳಿದು ಹೆಬ್ರಿ, ಮಣಿಪಾಲ, ಉಡುಪಿಗಳ ಮೂಲಕ ಮಲ್ಪೆಗೆ ಬರುವುದು 169ಎ. ಮಾಣಿಯಿಂದ ಪುತ್ತೂರು, ಸುಳ್ಯ, ಮಡಿಕೇರಿಗಳ ದಾರಿಯಾಗಿ ಮೈಸೂರಿಗೂ ಅಲ್ಲಿಂದ ಬೆಂಗಳೂರಿಗೂ ಹೋಗುವ 275 ಎಂಬುದು 75ರ ಎರಡನೆಯ ಕವಲು. ಸಂಪಾಜೆಯ ತಿರುವುಗಳಲ್ಲಿ ತೆವಳುವ ಆ ಘಟ್ಟದ ಮಾರ್ಗಕ್ಕೂ ಬಿಡದಿಯ ಬಳಿ ‘ದಶಪಥ’ ಎನಿಸಿಕೊಂಡಿರುವ ರಸ್ತೆಗೂ ಒಂದೇ ಸಂಖ್ಯೆ ಎಂಬುದನ್ನು ನಂಬಲು ನನಗೆ ಈಗಲೂ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಈಗ ನನ್ನ ಮೊದಲನೆಯ ಪ್ರಶ್ನೆ. ಶಾಲೆಯಲ್ಲಿ ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸಲು ಕಲಿತಿದ್ದೇವೆ. ನದಿ ರೂಢನಾಮ, ನೇತ್ರಾವತಿ ಅಂಕಿತನಾಮ. ಗುಣವನ್ನೋ ಕೆಲಸವನ್ನೋ ಹೇಳುವ ವ್ಯಾಪಾರಿ, ಜಾಣ, ಕುಂಟ ಮೊದಲಾದವು ಅನ್ವರ್ಥನಾಮಗಳು. ಈ ವಿಂಗಡಣೆಯನ್ನು ಸಂಖ್ಯೆಗಳಿಗೆ ಹಚ್ಚಿದರೆ ನನ್ನ ಗೊಂದಲದ ಅರ್ಧ ಭಾಗ ಬಗೆಹರಿಯುತ್ತದೆ ಎಂದು ನನಗನಿಸುತ್ತದೆ. ಹಳೆಯ 17 ಕೇವಲ ಅಂಕಿತ. ಮಗುವಿಗೆ ಹೆಸರಿಟ್ಟಂತೆ ಇಟ್ಟದ್ದು, ಅದನ್ನು ಬಿಡಿಸಿ ನೋಡಿದರೆ ಒಳಗೆ ಏನೂ ಇಲ್ಲ. ಇಂದಿನ 169 ಅನ್ವರ್ಥ. ಬಿಡಿಸಿದರೆ ತಾಯಿಯ ಹೆಸರೂ ಸರದಿಯೂ ಸಿಗುತ್ತವೆ. ಹೀಗೆ ‘ಅಂಕಿತಸಂಖ್ಯೆ’, ‘ಅನ್ವರ್ಥಸಂಖ್ಯೆ’ ಎಂಬ ಎರಡು ಪದಗಳನ್ನು ಮಾಡಿಕೊಂಡರೆ ವ್ಯಾಕರಣ ಬಲ್ಲವರು ಒಪ್ಪಿಯಾರೇ? ಅಂಕವೆಂದರೆ ಗುರುತೂ ಹೌದು, ಎಣಿಕೆಯ ಅಂಕಿಯೂ ಹೌದು ಆದ್ದರಿಂದ ಈ ಪದಕ್ಕೆ ಇಲ್ಲಿ ಎರಡು ಕಡೆಯಿಂದಲೂ ಬಲವಿದೆ. ಉಡುಪಿಯವನಾದ ನನ್ನ ಕಿವಿಗೆ ‘ಅಂಕಿತ’ವೆಂದರೆ ಮೊದಲು ಬರುವುದು ದಾಸರ ಪದದ ಕೊನೆಯ ಸಾಲು, ವಾದಿರಾಜರ ‘ಹಯವದನ’, ಪುರಂದರದಾಸರ ‘ಪುರಂದರ ವಿಠಲ’. ಹಾಡು ಯಾರದೆಂದು ತಿಳಿಸುವ ಆ ಗುರುತು ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ಹಳದಿ ನೆತ್ತಿಯ ಮೇಲಿನ ಅಂಕಿಗೆ ಹತ್ತಿರವಾಗಿಯೇ ಇದೆ. ಆದರೆ ಪತ್ರಿಕೆ ಓದುವವರ ಕಿವಿಯಲ್ಲಿ ‘ಅಂಕಿತ’ವೆಂದರೆ ಮಸೂದೆಗೆ ರಾಜ್ಯಪಾಲರು ಹಾಕುವ ಸಹಿ. ‘ಹೆದ್ದಾರಿಗೆ ಹೊಸ ಅಂಕಿತ’ ಎಂಬ ತಲೆಬರಹವನ್ನು ಓದಿದವರು ರಾಜಭವನದ ಕಡೆಗೆ ಮುಖ ಮಾಡಿಯಾರು ಎಂಬ ಅಳುಕು ನನಗಿದೆ.

ಎರಡನೆಯ ಪ್ರಶ್ನೆ ‘ಬದಲಾವಣೆ’ಗೆ ಸಂಬಂಧಿಸಿದ್ದು. ಸಂಖ್ಯೆಗಳನ್ನು ಹೊಸದಾಗಿ ಕೊಡುವ ಕ್ರಿಯೆಗೆ ಒಂದೇ ಪದ ಬೇಕು. ‘ಮರು ಎಣಿಕೆ’ ಎಂಬುದನ್ನು ಚುನಾವಣೆ ಎಂದೋ ಕಬಳಿಸಿದೆ; ಮತಪೆಟ್ಟಿಗೆ ಇಲ್ಲದೆ ಅದನ್ನು ಬಳಸಲಾಗದು. ‘ಮರುಸಂಖ್ಯೀಕರಣ’ವನ್ನು ಯಾವುದೋ ಸುತ್ತೋಲೆಯಲ್ಲಿ ಕಂಡಿದ್ದೇನೆ, ಉಚ್ಚರಿಸುವಷ್ಟರಲ್ಲಿ ಒಂದು ಟೋಲ್‌ಗೇಟ್ ದಾಟಬಹುದು. ‘ಸಂಖ್ಯೆ ಬದಲಾವಣೆ’ ಸರಳವಾಗಿದೆ, ಆದರೆ ನಡೆದದ್ದರ ಪೂರ್ತಿ ಸ್ವರೂಪವನ್ನು ಅದು ಹೇಳುವುದಿಲ್ಲ. ಏಕೆಂದರೆ ರಸ್ತೆಗಳು ಸಂಖ್ಯೆಗಳನ್ನು ಕಳೆದುಕೊಂಡವು ಎಂಬುದು ಕಥೆಯ ಅರ್ಧ ಮಾತ್ರ. ಕಳೆದುಹೋದ ಸಂಖ್ಯೆಗಳು ಬೇರೆ ಕಡೆ ಮನೆ ಮಾಡಿದವು ಎಂಬುದು ಉಳಿದರ್ಧ. ನಮ್ಮ 17 ಈಗ ಪಶ್ಚಿಮ ಬಂಗಾಳದ ಸೇವಕದಿಂದ ಗುವಾಹಟಿಗೆ ಹೋಗುತ್ತದೆ. ನಮ್ಮ 13 ಅರುಣಾಚಲ ಪ್ರದೇಶದ ಬೆಟ್ಟಗಳಲ್ಲಿದೆ. ಬೆಂಗಳೂರು–ಮುಂಬಯಿಯವರು ತಲೆಮಾರುಗಳಿಂದ ‘ಎನ್ನೆಚ್ ನಾಲ್ಕು’ ಎಂದು ಕರೆದ ಆ 4 ಸಮುದ್ರ ದಾಟಿ ಅಂಡಮಾನ್ ಸೇರಿದೆ. ನಾವು ಈಗ ನಮ್ಮದೆನ್ನುವ 66 ಕೂಡ ಇಲ್ಲಿ ಹುಟ್ಟಿದ್ದಲ್ಲ. ಮೊದಲು ಅದು ಕೃಷ್ಣಗಿರಿಯಿಂದ ತಿರುವಣ್ಣಾಮಲೈ ಮೂಲಕ ಪುದುಚೇರಿಗೆ ಹೋಗುವ ರಸ್ತೆಯದಾಗಿತ್ತು. ಮೂಡುಗಡಲಿನ ಬದಿಯ ಸಂಖ್ಯೆ ಪಡುಗಡಲಿನ ಬದಿಗೆ ಬಂದ ಹಾಗಾಯಿತು.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು 48. ಹಿಂದೆ ಅದು ಶಿರಾಡಿಯದು. ಇಂದು ಅದು ದೆಹಲಿಯಿಂದ ಮುಂಬಯಿ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರುಗಳ ದಾರಿಯಾಗಿ ಬೆಂಗಳೂರಿಗೂ ಚೆನ್ನೈಗೂ ಹೋಗುವ ಹೆದ್ದಾರಿಯದು. ನೆಲಮಂಗಲದ ಕೂಡುರಸ್ತೆಯಲ್ಲಿ ಹಿಂದೆ 48 ಬಂದು 4ನ್ನು ಸೇರುತ್ತಿತ್ತು; ಈಗ ಅದೇ ಸ್ಥಳದಲ್ಲಿ 75 ಬಂದು 48ನ್ನು ಸೇರುತ್ತದೆ. ಅಂದರೆ ಮಂಗಳೂರಿನಿಂದ ಹೊರಟವನು ಹಿಂದೆ ಅಲ್ಲಿಯವರೆಗೆ 48ರಲ್ಲಿ ಇರುತ್ತಿದ್ದನು, ಈಗ ಅಲ್ಲಿಂದ ಮುಂದೆ 48ರಲ್ಲಿ ಇರುತ್ತಾನೆ. ಹಳೆಯ ಪತ್ರಿಕೆಯ ಕಡತದಲ್ಲಿ ‘ರಾ.ಹೆ. 48ರಲ್ಲಿ ಗುಡ್ಡ ಕುಸಿತ’ ಎಂದು ಓದಿದ ಇಂದಿನ ವಿದ್ಯಾರ್ಥಿಯು ಚಿತ್ರದುರ್ಗದ ಬಯಲಿನಲ್ಲಿ ಗುಡ್ಡವನ್ನು ಹುಡುಕಬೇಕಾಗುತ್ತದೆ. ಇಂಥ ಸಂದರ್ಭಕ್ಕೆ ‘ಪಲ್ಲಟ’ ಎಂಬ ಪದ ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಸ್ಥಾನಪಲ್ಲಟವೆಂಬ ಮಾತು ಎಲ್ಲರಿಗೂ ಪರಿಚಿತ. ಅದೇ ಜಾಡಿನಲ್ಲಿ ‘ಸಂಖ್ಯಾಪಲ್ಲಟ’. ಹಳೆಯ ಸಂಖ್ಯೆ ಹೋಗಿ ಹೊಸದು ಬಂದರೆ ಸಂಖ್ಯೆ ಬದಲಾವಣೆ. ಒಂದರ ಸಂಖ್ಯೆ ಇನ್ನೊಂದಕ್ಕೆ ಹೋಗಿ ಕುಳಿತರೆ ಸಂಖ್ಯಾಪಲ್ಲಟ. ಈ ಭೇದವನ್ನು ಉಳಿಸಿಕೊಳ್ಳುವುದು ಅಗತ್ಯವೇ, ಅಥವಾ ನಾನು ಕೂದಲು ಸೀಳುತ್ತಿದ್ದೇನೆಯೇ ಎಂದು ತಿಳಿದವರು ಹೇಳಬೇಕು. ‘ಪರ್ಯಾಯ’ ಎಂಬ ಪದವನ್ನೂ ಒಬ್ಬರು ಸೂಚಿಸಿದರು. ಉಡುಪಿಯಲ್ಲಿ ಕುಳಿತು ಅದನ್ನು ಮುಟ್ಟುವ ಧೈರ್ಯ ನನಗಿಲ್ಲ; ಪರ್ಯಾಯದ ಸಮಯದಲ್ಲಿ ‘ಪರ್ಯಾಯಕ್ಕೆ ಪರ್ಯಾಯ ಮಾರ್ಗ’ ಎಂಬಂಥ ವಾಕ್ಯಗಳನ್ನು ತಿದ್ದಿ ತಿದ್ದಿ ಸಾಕಾಗಿದೆ.

ಇನ್ನು ‘ಹಳೆ’ ಎಂಬ ಪುಟ್ಟ ವಿಶೇಷಣದ ಕಾಟ. ‘ಹಳೆ ಹೆದ್ದಾರಿ 17’ ಎಂದರೆ ಹಳತಾದದ್ದು ಯಾವುದು, ಹೆದ್ದಾರಿಯೋ ಸಂಖ್ಯೆಯೋ? ನಮ್ಮಲ್ಲಿ ಇದು ಬರಿಯ ತರ್ಕವಲ್ಲ. ರಸ್ತೆ ಅಗಲ ಮಾಡುವಾಗ ತಿರುವುಗಳನ್ನು ನೇರಗೊಳಿಸಿದ್ದರಿಂದ ಹಲವೆಡೆ ಪಕ್ಕಕ್ಕೆ ಬಿದ್ದ ತುಂಡುಗಳಿವೆ. ಅಲ್ಲಿನವರು ಅವುಗಳನ್ನೂ ‘ಹಳೆ ಎನ್ನೆಚ್’ ಎಂದೇ ಕರೆಯುತ್ತಾರೆ. ಒಂದರಲ್ಲಿ ರಸ್ತೆ ಹಳತು, ಇನ್ನೊಂದರಲ್ಲಿ ಅಂಕಿ ಹಳತು. ಇದೇ ತೊಡಕು ಸೋದರಳಿಯನ ಬರಹದಲ್ಲೂ ಬಂತು. ಮ್ಯಾಸಚೂಸೆಟ್ಸ್‌ನಲ್ಲಿ 2020ರ ಅಕ್ಟೋಬರಿನಿಂದ ಆರಂಭಿಸಿ ಮರುವರ್ಷದವರೆಗೆ ಹೆದ್ದಾರಿಯ ಹೆಚ್ಚಿನ ಎಕ್ಸಿಟ್ ಸಂಖ್ಯೆಗಳನ್ನು ಬದಲಿಸಿದಾಗ, ಹೊಸ ಫಲಕದ ಪಕ್ಕದಲ್ಲಿ ಹಳೆಯ ಸಂಖ್ಯೆಯನ್ನು ತಿಳಿಸುವ ಹಳದಿ ಬಣ್ಣದ ಚಿಕ್ಕ ಫಲಕವೊಂದನ್ನೂ ನಿಲ್ಲಿಸಿದರಂತೆ. ಅದರ ಮೇಲಿನ ‘ಓಲ್ಡ್ ಎಕ್ಸಿಟ್’ ಎಂಬ ಎರಡು ಇಂಗ್ಲಿಷ್ ಪದಗಳನ್ನು ನೇರವಾಗಿ ಕನ್ನಡಿಸಿದರೆ ಹಳತಾದದ್ದು ದಾರಿಯೇ ಎಂದಾಗುತ್ತದೆ, ಅಲ್ಲಿ ಇಳಿಯಬಾರದೇನೋ ಎಂಬ ಭಯವನ್ನೂ ಹುಟ್ಟಿಸುತ್ತದೆ. ‘ಹಿಂದಿನ ಸಂಖ್ಯೆ’ ಎಂದು ಬರೆದರೆ ತೊಡಕು ಕಳೆಯುತ್ತದೆ. ಹಳೆಯ ಬರಹವನ್ನು ಉದ್ಧರಿಸುವಾಗ ಮಾತ್ರ ‘ಆಗಿನ 17’ ಎಂಬುದು ಮೇಲೆಂದು ನನಗೆ ತೋರುತ್ತದೆ; ಬರೆದವರ ಕಾಲದಲ್ಲಿ ಅದು ಹಿಂದಿನದಾಗಿರಲಿಲ್ಲವಲ್ಲ. ಉದ್ಧರಿಸುವ ಪಠ್ಯದೊಳಗೆ ಕೈಹಾಕಿ 17 ಇದ್ದಲ್ಲಿ 66 ಎಂದು ತಿದ್ದುವವರನ್ನು ನೋಡಿದ್ದೇನೆ. ಅದು ತಪ್ಪು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

‘17ನೆಯ’, ‘66ನೆಯ’ ಎಂಬ ರೂಪಗಳ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು. ಪತ್ರಿಕೆಗಳಲ್ಲಿ ‘ರಾಷ್ಟ್ರೀಯ ಹೆದ್ದಾರಿ 66ರಲ್ಲಿ’ ಎಂದೂ ‘66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ’ ಎಂದೂ ಎರಡು ಬಗೆ ಕಾಣುತ್ತದೆ. ‘ನೆಯ’ ಸೇರಿದ ಕೂಡಲೇ ಅದು ಸಂಖ್ಯೇಯವಾಚಕವಾಗಿ ಸರದಿಯನ್ನು ಹೇಳತೊಡಗುತ್ತದೆ, ಹಿಂದೆ ಅರುವತ್ತೈದು ಇವೆ ಎಂಬ ಧ್ವನಿ ಬರುತ್ತದೆ. ಹೊಸ ಪದ್ಧತಿಯಲ್ಲಿ ಸಮ–ಬೆಸ ಎಂದು ಎರಡು ಸಾಲುಗಳಿರುವುದರಿಂದ ಆ ಧ್ವನಿಗೆ ಆಧಾರವಿಲ್ಲ. ‘66ರಲ್ಲಿ’ ಎಂಬುದು ಸಂಖ್ಯೆಯನ್ನೇ ಹೆಸರಾಗಿ ಹಿಡಿದು ವಿಭಕ್ತಿ ಹಚ್ಚಿದ ರೂಪ, ಆದ್ದರಿಂದ ಅದೇ ಸರಿ ಎಂದು ನಾನು ತಿದ್ದುತ್ತ ಬಂದಿದ್ದೇನೆ. ಇಸವಿಗೂ ಇದೇ ಪ್ರತ್ಯಯ ಇರುವುದರಿಂದ ‘2010ರಲ್ಲಿ 66ರಲ್ಲಿ’ ಎಂಬಂಥ ವಾಕ್ಯಗಳು ಆಗಾಗ ಮುಖಾಮುಖಿಯಾಗುತ್ತವೆ ಎಂಬುದೊಂದೇ ಕೊರತೆ. 169ನ್ನು ಓದುವ ಬಗೆಯೂ ವಿಚಾರಕ್ಕೆ ತಕ್ಕದ್ದು. ‘ನೂರ ಅರುವತ್ತೊಂಬತ್ತು’ ಎಂದರೆ ತಾಯಿಯ ಹೆಸರು ಮುಚ್ಚಿಹೋಗುತ್ತದೆ. ‘ಒಂದು–ಅರುವತ್ತೊಂಬತ್ತು’ ಎಂದು ನಿಲ್ಲಿಸಿ ಓದಿದರೆ ವಂಶ ಕಾಣುತ್ತದೆ. ಬಸ್ಸು ಚಾಲಕರು ಇಂಗ್ಲಿಷಿನಲ್ಲಿ ಹೇಳುವಾಗ ಹಾಗೆಯೇ ಒಡೆದು ಹೇಳುತ್ತಾರೆ, ವ್ಯಾಕರಣ ಓದಿದ ನಾವು ಹೇಳುವುದಿಲ್ಲ. ಬಾಲದಲ್ಲಿರುವ ‘ಎ’ಯನ್ನು ಕನ್ನಡದ ‘ಅ’ ಮಾಡಬೇಕೆಂಬ ಹಟ ನನಗಿಲ್ಲ.

ಒಂದೇ ರಸ್ತೆಗೆ ಎರಡು ಸಂಖ್ಯೆ ಇರುವ ಕಡೆಗಳಿಗೂ ಒಂದು ಪದ ಬೇಕು. ಪಡೀಲಿನಿಂದ ಬಿ.ಸಿ.ರೋಡಿನವರೆಗಿನ ಭಾಗವನ್ನು ಪತ್ರಿಕೆಗಳು ಒಮ್ಮೆ 73 ಎಂದೂ ಒಮ್ಮೆ 75 ಎಂದೂ ಬರೆಯುತ್ತವೆ. ‘ಜಂಟಿ ಸಂಖ್ಯೆ’ ಎಂದರೆ ಸಾಕೆಂದು ತೋರುತ್ತದೆ, ಪಹಣಿಯಲ್ಲಿ ಜಂಟಿ ಖಾತೆ ಇದ್ದ ಹಾಗೆ. ಬಂಟ್ವಾಳ ಕ್ರಾಸ್ ರೋಡ್ ಎಂಬುದೇ ಬಿ.ಸಿ.ರೋಡ್ ಆಗಿ, ‘ರೋಡ್’ ಎಂಬುದು ಊರಿನ ಹೆಸರಾಗಿ, ಈಗ ‘ಬಿ.ಸಿ.ರೋಡಿನ ರಸ್ತೆ’ ಎಂದು ಯಾವ ಮುಜುಗರವೂ ಇಲ್ಲದೆ ಹೇಳುತ್ತೇವೆ.

ಸಂಖ್ಯೆಯನ್ನು ಪೂರ್ತಿ ತೆಗೆದುಹಾಕುವುದಕ್ಕೆ ಏನೆನ್ನಬೇಕು ಎಂಬುದು ಇನ್ನೊಂದು ತೊಡಕು. ಸೋದರಳಿಯನ ಬರಹದಲ್ಲಿ ಅಮೆರಿಕದ 66 ಬರುತ್ತದೆ. 1926ರಲ್ಲಿ ಆ ಸಂಖ್ಯೆ ಪಡೆದು, ಷಿಕಾಗೋದಿಂದ ಪಡುಗಡಲಿನ ಸಾಂಟಾ ಮೋನಿಕಾದವರೆಗೆ ಹೆಸರಾಗಿದ್ದ ಆ ಹೆದ್ದಾರಿಯನ್ನು 1985ರಲ್ಲಿ ಪಟ್ಟಿಯಿಂದ ತೆಗೆದರು. ನಮ್ಮ 66 ಉತ್ತರ–ದಕ್ಷಿಣ, ಅವರ 66 ಪೂರ್ವ–ಪಶ್ಚಿಮ. ಅಲ್ಲಿ ಬೆಸಸಂಖ್ಯೆ ಉತ್ತರ–ದಕ್ಷಿಣಕ್ಕೂ ಸಮಸಂಖ್ಯೆ ಪೂರ್ವ–ಪಶ್ಚಿಮಕ್ಕೂ ಮೀಸಲು, ಅಂದರೆ ನಮ್ಮದಕ್ಕೆ ತೀರ ವಿರುದ್ಧ. ಮೂರಂಕಿಯ ಕವಲುಗಳ ಲೆಕ್ಕ ಮಾತ್ರ ಎರಡೂ ಕಡೆ ಒಂದೇ. ನಮ್ಮಲ್ಲಿ ಕೋಯಿಕ್ಕೋಡಿನಿಂದ ಮೈಸೂರಿಗೆ ಬರುವ 766 ನಮ್ಮ 66ರ ಏಳನೆಯ ಕವಲಾದರೆ, ಅಲ್ಲಿನ 66ಕ್ಕೆ ಆರನೆಯ ಕವಲಾಗಿ 666 ಇತ್ತು. ಬೈಬಲಿನಲ್ಲಿ ಅದು ಕೆಟ್ಟ ಮೃಗದ ಸಂಖ್ಯೆಯಾದ್ದರಿಂದಲೂ ಜನ ಅದರ ಫಲಕಗಳನ್ನು ಕದ್ದೊಯ್ಯುತ್ತಿದ್ದುದರಿಂದಲೂ 2003ರಲ್ಲಿ ಅದನ್ನು 491 ಮಾಡಿದರು. ಅನ್ವರ್ಥವಾಗಿದ್ದ ಸಂಖ್ಯೆಗೆ ಜನ ಬೇರೆಯೇ ಅರ್ಥ ಹಚ್ಚಿದ್ದರಿಂದ ಅದನ್ನು ಕಳಚಬೇಕಾಯಿತು ಎಂಬ ಈ ಉದಾಹರಣೆ ನನಗೆ ತುಂಬ ಹಿಡಿಸಿತು.

ವಿಷಯಕ್ಕೆ ಬರುತ್ತೇನೆ. ‘1985ರಲ್ಲಿ ಆ ಹೆದ್ದಾರಿಯನ್ನು ರದ್ದುಗೊಳಿಸಲಾಯಿತು’ ಎಂದು ಬರೆದರೆ ರಸ್ತೆಯನ್ನೇ ಅಗೆದು ಹಾಕಿದರೆಂದು ಕೇಳುತ್ತದೆ. ರಸ್ತೆಯ ಬಹುಭಾಗ ಇನ್ನೂ ಇದೆ, ಸಂಖ್ಯೆ ಇಲ್ಲ. ನಮ್ಮಲ್ಲಿ ಇದಕ್ಕೆ ‘ಡಿನೋಟಿಫೈ’ ಎಂಬ ಪದ ಭೂಮಿಯ ವ್ಯವಹಾರದಿಂದ ಎಲ್ಲರ ಬಾಯಿಗೆ ಬಂದಿದೆ. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಇರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಆದೇಶಿಸಿದ ಬಳಿಕ, ಪೇಟೆಯೊಳಗಿನ ರಸ್ತೆಗಳಿಗೆ ಹೆದ್ದಾರಿಯೆಂಬ ಹೆಸರೇ ಬೇಡವೆಂದು ಹಲವು ರಾಜ್ಯಗಳು ಹೊರಟಾಗ ಈ ಪದ ರಸ್ತೆಗೂ ಅಂಟಿಕೊಂಡಿತು. ನನಗೆ ತೋಚಿದ ಕನ್ನಡವೆಂದರೆ ‘ಪಟ್ಟ’. ‘ಹೆದ್ದಾರಿಯ ಪಟ್ಟ ಬಂತು’, ‘ಹೆದ್ದಾರಿಯ ಪಟ್ಟ ಹೋಯಿತು’ ಎಂದರೆ ರಸ್ತೆ ಉಳಿದು ಪದವಿ ಮಾತ್ರ ಹೋಯಿತೆಂಬುದು ವಿವರಣೆ ಇಲ್ಲದೆಯೇ ತಿಳಿಯುತ್ತದೆ. ಸರಕಾರಿ ಬರಹಕ್ಕೆ ಇದು ಸ್ವಲ್ಪ ಕಥೆಯ ಭಾಷೆಯಾಯಿತೇನೋ.

ಕೊನೆಯದು, ನನಗೆ ಎಲ್ಲಕ್ಕಿಂತ ಕಠಿಣವೆನಿಸಿದ್ದು, ‘ಎಕ್ಸಿಟ್’. ನಿಘಂಟುಗಳು ‘ನಿರ್ಗಮನ’ ಎನ್ನುತ್ತವೆ. ನಾನೂ ಮೊದಲ ಕರಡಿನಲ್ಲಿ ‘ನಿರ್ಗಮನ ಸಂಖ್ಯೆ’ ಎಂದೇ ಬರೆದು ಕಳುಹಿಸಿದ್ದೆ. “ಮಾವ, ಇದನ್ನು ಅಮ್ಮನಿಗೆ ಓದಿ ಹೇಳಿದೆ, ಯಾರು ತೀರಿಕೊಂಡದ್ದು ಎಂದು ಕೇಳಿದಳು” ಎಂದು ಸೋದರಳಿಯನಿಂದ ಉತ್ತರ ಬಂತು. ನಿರ್ಗಮನ ವ್ಯಕ್ತಿಗೆ ಸಲ್ಲುವ ಪದ. ರಂಗದಿಂದ ಪಾತ್ರ ನಿರ್ಗಮಿಸುತ್ತದೆ. ರಸ್ತೆಯ ಒಂದು ಭಾಗಕ್ಕೆ ಅದು ಹೆಸರಾಗಿ ನಿಲ್ಲುವುದಿಲ್ಲ. ‘ಹೊರಗವಲು’ ಎಂಬುದನ್ನು ಯೋಚಿಸಿದೆ. ಚೆನ್ನಾಗಿದೆ, ಆದರೆ ಯಾರೂ ಹೇಳುವುದಿಲ್ಲ. ಕವಲಿಗೆ ನಮ್ಮ ಪೂರ್ವಿಕರು ಇಟ್ಟ ಹೆಸರು ‘ಕೈಕಂಬ’, ಘಟ್ಟದ ಮೇಲೆ ‘ಕೈಮರ’. ಯಾವ ದಾರಿ ಎಲ್ಲಿಗೆಂದು ಕೈ ಚಾಚಿ ತೋರಿಸುವ ಕಂಬ. ಗುರುಪುರ ಕೈಕಂಬ, ಬಿ.ಸಿ.ರೋಡಿನ ಕೈಕಂಬ ಎಂದು ಅದು ಊರುಗಳ ಹೆಸರಾಗಿಯೇ ನಿಂತುಬಿಟ್ಟಿರುವುದರಿಂದ ಪುನಃ ಪದವಾಗಿ ಎಬ್ಬಿಸುವುದು ಕಷ್ಟ.

ಹಾಗಾದರೆ ಜನ ಏನೆನ್ನುತ್ತಾರೆ ಎಂದು ಕಿವಿಗೊಟ್ಟೆ. ನಮ್ಮ ಚತುಷ್ಪಥ ಹೆಚ್ಚಿನ ಕಡೆ ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿದೆ. ದಾರಿ ಹೇಳುವವರು ಫೋನಿನಲ್ಲಿ, “ಅಂಬಲಪಾಡಿಯಲ್ಲಿ ಹೈವೇಯಿಂದ ಇಳಿಯಿರಿ, ಸರ್ವೀಸ್ ರೋಡಿಗೆ ಬನ್ನಿ” ಎನ್ನುತ್ತಾರೆ. ಬಸ್ಸಿನಿಂದ ಇಳಿಯುವ ಕ್ರಿಯಾಪದವೇ ಹೆದ್ದಾರಿಗೂ ಬಂದಿದೆ. ಮತ್ತೆ ಸೇರುವುದಕ್ಕೆ ‘ಹೈವೇಗೆ ಹತ್ತುವುದು’. ಹೀಗಿರುವಾಗ ‘ಇಳಿದಾರಿ’, ‘ಏರುದಾರಿ’ ಎಂಬ ಜೋಡಿ ಏಕಾಗಬಾರದು? ಹೆದ್ದಾರಿಯ ಪಕ್ಕದಲ್ಲಿ ಇಳಿದಾರಿ ಕಿವಿಗೂ ಹೊಂದುತ್ತದೆ. ನೆಲ ಸಮವಾಗಿರುವ ಕಡೆಯೂ ‘ಇಳಿ’ ಎನ್ನಬಹುದೇ ಎಂದು ಸೋದರಳಿಯ ಆಕ್ಷೇಪಿಸಿದ. ರೈಲಿನಿಂದ ಇಳಿಯುವಾಗ ಪ್ಲಾಟ್‌ಫಾರಂ ಬೋಗಿಯ ಮಟ್ಟದಲ್ಲೇ ಇದ್ದರೂ ಇಳಿಯುತ್ತೇವೆಂದೇ ಹೇಳುತ್ತೇವೆ ಎಂಬುದು ನನ್ನ ಉತ್ತರ.

ಈ ಇಳಿದಾರಿಗಳಿಗೆ ಸಂಖ್ಯೆ ಕೊಡುವ ಎರಡು ಕ್ರಮಗಳಿಗೂ ಹೆಸರು ಬೇಕಾಗಿದೆ. ಒಂದರಲ್ಲಿ ಮೊದಲಿನಿಂದ ಸಾಲಾಗಿ 1, 2, 3 ಎಂದು ಎಣಿಸುತ್ತಾರೆ. ಇನ್ನೊಂದರಲ್ಲಿ ಆ ದಾರಿ ಎಷ್ಟನೆಯ ಮೈಲಿನಲ್ಲಿದೆಯೋ ಅದೇ ಅದರ ಸಂಖ್ಯೆ. ಅಮೆರಿಕದ ರಾಜ್ಯಗಳು ಮೊದಲನೆಯದರಿಂದ ಎರಡನೆಯದಕ್ಕೆ ಒಂದೊಂದಾಗಿ ಹೊರಳಿದವು. ಫ್ಲಾರಿಡಾ 2002ರ ಸುಮಾರಿಗೆ ಬದಲಿಸಿತು. 2009ರ ಅಲ್ಲಿನ ಒಕ್ಕೂಟ ಸರಕಾರದ ಫಲಕಗಳ ಕೈಪಿಡಿಯು ದೂರದ ಕ್ರಮವನ್ನೇ ಎಲ್ಲರಿಗೂ ಕಡ್ಡಾಯ ಮಾಡಿತು. ಅರಿಜೋನಾದ ಒಂದು ಹೆದ್ದಾರಿಯಲ್ಲಿ ಮಾತ್ರ ಮೈಲಿನ ಬದಲು ಕಿಲೋಮೀಟರಿನ ಲೆಕ್ಕವಿದೆಯಂತೆ.

ನಮ್ಮ ಓದುಗರಿಗೆ ವ್ಯತ್ಯಾಸ ತಿಳಿಯಲೆಂದು ನಾನೊಂದು ಕಲ್ಪನೆಯ ಉದಾಹರಣೆ ಸೇರಿಸಿದ್ದೇನೆ. ತಲಪಾಡಿಯ ಗಡಿಯಿಂದ ಬಡಗಿಗೆ ಹೊರಟು ತೊಕ್ಕೊಟ್ಟಿಗೆ 1, ಪಂಪ್‌ವೆಲ್‌ಗೆ 2, ನಂತೂರಿಗೆ 3, ಕೊಟ್ಟಾರ ಚೌಕಿಗೆ 4 ಎಂದು ಕೊಡುತ್ತ ಹೋದೆವೆನ್ನಿ. ನಾಳೆ ಜಪ್ಪಿನಮೊಗರಿನಲ್ಲಿ ಹೊಸದೊಂದು ಇಳಿದಾರಿ ಮಾಡಿದರೆ ಅದಕ್ಕೆ 1ಎ ಎನ್ನಬೇಕು, ಇಲ್ಲವೇ ಕುಂದಾಪುರದವರೆಗೂ ಎಲ್ಲ ಫಲಕ ಬದಲಿಸಬೇಕು. ದೂರದ ಕ್ರಮದಲ್ಲಿ ಈ ಕಷ್ಟವಿಲ್ಲ. ಹೊಸದು ತನ್ನ ಕಿಲೋಮೀಟರಿನ ಸಂಖ್ಯೆಯನ್ನು ತಾನೇ ತರುತ್ತದೆ. ತಲಪಾಡಿಯಿಂದ ಕುಂದಾಪುರಕ್ಕೆ ಸುಮಾರು 90 ಕಿ.ಮೀ. ಇರುವುದರಿಂದ ಕುಂದಾಪುರದ ಸಂಖ್ಯೆ 90ರ ಆಸುಪಾಸು ಇರುತ್ತದೆ, ಇನ್ನೆಷ್ಟು ದೂರ ಎಂದು ಮಕ್ಕಳು ಕೇಳುವುದೂ ತಪ್ಪುತ್ತದೆ. ಮೊದಲನೆಯದಕ್ಕೆ ‘ಸಾಲುಸಂಖ್ಯೆ’, ಎರಡನೆಯದಕ್ಕೆ ‘ದೂರಸಂಖ್ಯೆ’ ಎಂದು ಬರೆದಿದ್ದೇನೆ. ‘ಕ್ರಮಸಂಖ್ಯೆ’ ಎಂದರೆ ಪರೀಕ್ಷೆಯ ಕೊಠಡಿ ನೆನಪಾಗುತ್ತದೆ, ‘ದೂರಸಂಖ್ಯೆ’ ಎಂದರೆ ದೂರವಾಣಿ ಸಂಖ್ಯೆ ನೆನಪಾಗಬಹುದು. ಎರಡರಲ್ಲಿ ಯಾವುದು ಹೆಚ್ಚು ಹಾನಿಕರ ಎಂದು ತೀರ್ಮಾನಿಸಲಾಗಿಲ್ಲ. ಕಿಲೋಮೀಟರ್ ಬಂದು ದಶಕಗಳಾದರೂ ನಾವು ಬಿಡದಿರುವ ‘ಮೈಲಿಗಲ್ಲು’ ಇದೆಯಲ್ಲ, ಅದನ್ನು ಆಧರಿಸಿ ‘ಕಲ್ಲಿನ ಸಂಖ್ಯೆ’ ಎನ್ನಬಹುದೇ ಎಂಬ ಆಲೋಚನೆಯೂ ಬಂದಿದೆ. ನೂರಾಮೂರನೆಯ ಕಲ್ಲಿನ ಬಳಿ ಇರುವ ಇಳಿದಾರಿಯು ನೂರಾಮೂರು ಎನ್ನುವುದಕ್ಕೆ ವಿವರಣೆಯೇ ಬೇಡ.

ಗಮನಿಸಿದರೆ ಇಲ್ಲಿಯೂ ಮೊದಲಿನ ವಿಂಗಡಣೆಯೇ ಮರುಕಳಿಸುತ್ತದೆ. ದೂರವನ್ನು ಹೊಟ್ಟೆಯಲ್ಲಿಟ್ಟುಕೊಂಡ ಸಂಖ್ಯೆ ಅನ್ವರ್ಥವೆಂಬುದು ಸ್ಪಷ್ಟ. ಸಾಲುಸಂಖ್ಯೆ ಮಾತ್ರ ನನ್ನನ್ನು ಕಾಡುತ್ತಿದೆ. ಅದು 17ರ ಹಾಗೆ ಬರಿಯ ಅಂಕಿತವೂ ಅಲ್ಲ, ಏಕೆಂದರೆ 3 ಎಂಬುದು 2 ಆದ ಮೇಲೆಯೇ ಬರುತ್ತದೆ. 169ರ ಹಾಗೆ ಪೂರ್ತಿ ಅನ್ವರ್ಥವೂ ಅಲ್ಲ, ಏಕೆಂದರೆ ಎಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. ಇದನ್ನು ಯಾವ ಗುಂಪಿಗೆ ಸೇರಿಸಬೇಕು, ಅಥವಾ ಹಳೆಯ ವ್ಯಾಕರಣಗಳಲ್ಲಿ ಸರದಿಯನ್ನಷ್ಟೇ ಸೂಚಿಸುವ ಹೆಸರುಗಳಿಗೆ ಪ್ರತ್ಯೇಕ ಸಂಜ್ಞೆಯೇನಾದರೂ ಇದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಜೊತೆಗೆ, ಕುಂದಾಪುರದಿಂದ ಉತ್ತರಕ್ಕೆ, ಬೈಂದೂರು, ಭಟ್ಕಳ, ಹೊನ್ನಾವರಗಳ ಕಡೆ, ಹೆದ್ದಾರಿಯಿಂದ ‘ಇಳಿಯುವುದು’ ಎಂಬ ಬಳಕೆ ಇದೆಯೇ, ಇಲ್ಲವಾದರೆ ಅಲ್ಲಿನವರು ಏನೆನ್ನುತ್ತಾರೆ ಎಂಬುದನ್ನೂ ಆ ಭಾಗದ ಸದಸ್ಯರು ಬರೆದರೆ ‘ಇಳಿದಾರಿ’ಯನ್ನು ಅಚ್ಚಿಗೆ ಕಳುಹಿಸುವ ಮೊದಲು ಇನ್ನೊಮ್ಮೆ ಯೋಚಿಸುತ್ತೇನೆ.